ಬಾಗಿಲು ಹಾಕಿದ್ದರೆ ಸರಾಸರಿ

ಅವಳ ಕೆಲಸ ಆಟ ಆಡುವುದು. ಹಾಗೆಂದಾಗ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಕಂಪ್ಯೂಟರಿನೊಳಗಿನ ಒಂದೇ ಗೋಡೆಗೆ ಇನ್ನೂರು ಸಲ ಡಿಕ್ಕಿ ಹೊಡೆದು, ಇನ್ನೂರ ಒಂದನೇ ಸಲ ಕಾಲು ಗೋಡೆಯೊಳಗೆ ತೂರಿತು ಎಂದು ಬರೆದುಕೊಡುವುದೇ ಆ ಕೆಲಸ ಎಂದು ತಿಳಿದ ಮೇಲೆ ಹೊಟ್ಟೆಕಿಚ್ಚು ತಣ್ಣಗಾಗುತ್ತಿತ್ತು. ಒಬ್ಬ ಸಾಧಾರಣ ಮನುಷ್ಯನಿಗೆ ಆಟ ಮುಗಿಸಲು ಎಷ್ಟು ಗಂಟೆ ಬೇಕೆಂದು ಅಳೆಯುವ ಹೊಣೆಯೂ ಅವಳ ಕೊರಳಿಗೇ ಬಿದ್ದಿತ್ತು. ಅದಕ್ಕೇ ಆಫೀಸಿನಲ್ಲಿ ಅವಳನ್ನು ‘ಗಡಿಯಾರ’ ಎನ್ನುತ್ತಿದ್ದರು.

ಆಫೀಸೆಂದರೆ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ. ಕೆಳಗೆ ಹಲ್ಲು ಕೊರೆಯುವಾಗ ಮೇಲೆ ಟೀ ಲೋಟ ನಡುಗುತ್ತಿತ್ತು. ಆರು ಜನ, ಮೂರು ವರ್ಷ, ಒಂದು ಆಟ. ಜನರೆಲ್ಲ ಬಿಟ್ಟುಹೋದ ಊರಿಗೆ ಒಬ್ಬ ಹುಡುಗಿ ಕೀಲಿಗೊಂಚಲು ಹಿಡಿದು ಬರುತ್ತಾಳೆ. ನಲವತ್ತೊಂದು ಮನೆ. ಒಂದೊಂದೇ ಬಾಗಿಲು ತೆರೆದು, ಹೋದವರು ಮರೆತುಹೋದ ಒಂದು ವಸ್ತುವನ್ನು ಹುಡುಕಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಗುಂಡಿಲ್ಲ, ಓಟವಿಲ್ಲ, ಸಾವಿಲ್ಲ. ನಲವತ್ತೊಂದನೆಯದು ಅವಳದೇ ಮನೆ. ಅಲ್ಲಿ ಯಾರೂ ಇಲ್ಲ. ಅಡುಗೆಮನೆಯಲ್ಲಿ ಒಂದು ದೀಪ ಮಾತ್ರ ಉರಿಯುತ್ತಿದೆ. ಅವಳೇ ಹೋಗುವಾಗ ಆರಿಸಲು ಮರೆತ ದೀಪ. ಆರಿಸುತ್ತಾಳೆ. ಊರು ಕತ್ತಲಾಗುತ್ತದೆ. ಆಟ ಮುಗಿಯುತ್ತದೆ.

ಆ ದೀಪ ಗಡಿಯಾರಳ ಕೊಡುಗೆ. ಆಡಿ ನೋಡುವವರನ್ನು ಯಾರೂ ಕಥೆ ಕೇಳುವುದಿಲ್ಲ. ಆದರೂ ಎರಡು ವರ್ಷದ ಹಿಂದೆ, ಕೊನೆಗೆ ಏನಿಡುವುದೆಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು, “ಲೈಟ್ ಆರ್ಸಿ ಹೋದ್ರೆ ಸಾಕಲ್ವಾ?” ಅಂದಿದ್ದಳು. ಬಾಸ್ ಅದನ್ನೇ ಬೋರ್ಡಿನ ಮೇಲೆ ಬರೆದಿದ್ದರು. ಜನ ಆ ದೀಪವನ್ನು ತಮ್ಮ ಕೈಯಾರೆ ಆರಿಸಬೇಕು. ಅವಳಿಗೆ ಈ ಆಟದಿಂದ ಬೇಕಿದ್ದದ್ದು ಅಷ್ಟೇ.

ಒಂದು ಶುಕ್ರವಾರ ಬಾಸ್ ಎಲ್ಲರನ್ನೂ ಕೂರಿಸಿಕೊಂಡರು. ಆಟವನ್ನು ಮಾರಲು ಒಪ್ಪಿದ್ದ ಕಂಪನಿಯವರು ಸಾವಿರದ ಇನ್ನೂರು ಆಟಗಾರರಿಗೆ ಪ್ರಶ್ನೆ ಕೇಳಿ ಉತ್ತರ ಕಳಿಸಿದ್ದರು.

“ದುಡ್ಡು ಬಿಚ್ಚೋ ಮುಂಚೆ ಜನ ಕೇಳೋದು ಒಂದೇ. ಎಷ್ಟು ಗಂಟೆ?” ಎಂದರು ಬಾಸ್. “ಎಂಟು ಗಂಟೆಗೆ ಕಮ್ಮಿ ಇದ್ರೆ ಅಂಗಡೀಲೇ ಇಡಲ್ಲ ಅಂತಿದಾರೆ ಇವ್ರು.”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದಳು ಬಣ್ಣದವಳು. ಆ ಊರಿನ ಗೋಡೆ, ಕಿಟಕಿ, ಬಾಗಿಲುಗಳನ್ನೆಲ್ಲ ಬರೆದವಳು ಅವಳು. “ಬರೀ ಬಾಗಿಲು ಬರೆಯಕ್ಕೇ ನಂಗೆ ಒಂದು ವರ್ಷ ಹಿಡೀತು. ಅವ್ರು ಮಧ್ಯಾಹ್ನದೊಳಗೆ ಮುಗಿಸಿ, ಅಯ್ಯೋ ಇಷ್ಟೇನಾ ಅಂತಾರೆ.”

“ಇನ್ನೊಂದು ಪ್ರಶ್ನೆ ಕೇಳಿದಾರೆ. ಆಟದ ಹೆಚ್ಚುವರಿ ಭಾಗಕ್ಕೆ ಬೇರೆ ದುಡ್ಡು ಕೇಳಿದ್ರೆ ಕೊಳ್ತೀರಾ ಅಂತ. ನೂರಕ್ಕೆ ಎಪ್ಪತ್ತು ಜನ, ಆ ಆಟಾನ ಮೂಸಿ ಕೂಡ ನೋಡಲ್ಲ ಅಂದಿದಾರೆ. ಆ ಎಪ್ಪತ್ತರಲ್ಲಿ ಐವತ್ತು ಜನ ಹೋದ ವರ್ಷ ಅಂಥದ್ದೇ ಕೊಂಡಿದಾರೆ.” ಬಾಸ್ ನಕ್ಕರು. “ಬೈತಾರೆ, ಕೊಳ್ತಾರೆ.”

ಈ ಎರಡನೆಯದನ್ನು ಗಡಿಯಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಎಂಟು ಕೂತುಬಿಟ್ಟಿತ್ತು. ಐದು ಜನರಿಂದ ಆಡಿಸಿ ಅಳೆದಾಗಿತ್ತು: ಐದು, ಆರು, ಐದು, ಆರು, ಐದು.

“ನಿಂದೆಷ್ಟು ಬಂತಮ್ಮ ಗಡಿಯಾರ?”

“ಇನ್ನೂ ಒಬ್ರು ಆಡ್ತಿದಾರೆ ಸರ್. ಸೋಮವಾರ ಹೇಳ್ತೀನಿ.”

ಆ ಇನ್ನೊಬ್ಬರು ಅವಳ ಮಾವ.

ಮಾವ ಮೂವತ್ತನಾಲ್ಕು ವರ್ಷ ಕರೆಂಟಿನ ಮೀಟರ್ ಓದಿ ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು ಬೇಸತ್ತು, ಮಗನ ಜೊತೆ ಜಗಳಕ್ಕೆ ಕಾರಣ ಹುಡುಕುತ್ತಿದ್ದರು. ಆಟವನ್ನೇ ಕಾಣದ ಕೈ ಒಂದು ಬೇಕಿತ್ತೆಂದು ಹದಿನೈದು ದಿನದ ಹಿಂದೆ ಅವಳು ಆಫೀಸಿನ ಆಟದ ಯಂತ್ರವನ್ನು ತಂದು ಟೀವಿಗೆ ಸಿಕ್ಕಿಸಿ, ಅವರ ಕೈಗೆ ಗುಂಡಿಗಳಿದ್ದ ಹಿಡಿ ಕೊಟ್ಟಿದ್ದಳು. ಮೊದಲ ಮನೆಯ ಮುಂದೆ ಮಾವ ನಿಂತೇಬಿಟ್ಟರು.

“ಯಾಕೆ ಮಾವ? ಹಸಿರು ಗುಂಡಿ ಒತ್ತಿ, ಬಾಗಿಲು ತೆಗೆಯುತ್ತೆ.”

“ತಡಿಯಮ್ಮ. ಕರೀದೇ ಒಳಗೆ ನುಗ್ಗೋಕೆ ನಾನೇನು ಬೆಕ್ಕಾ? ಬಾಗಿಲು ಬಡಿಯೋದು ಯಾವ ಗುಂಡಿ?”

ಬಾಗಿಲು ಬಡಿಯುವ ಗುಂಡಿ ಆಟದಲ್ಲಿ ಇರಲಿಲ್ಲ. ಮೂರು ವರ್ಷದಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಸರಿ, ಮಾವ ಸೋಫಾದ ಕೈಯನ್ನೇ ಬೆರಳಿನಿಂದ ಮೂರು ಸಲ ಬಡಿದು, ಒಳಗಿನವರು ಒಲೆ ಆರಿಸಿ, ಕೈ ಒರೆಸಿಕೊಂಡು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಕಾದು, ಆಮೇಲೆ ಕೀಲಿ ತಿರುಗಿಸಿದರು. ಪ್ರತಿ ಮನೆಗೂ ಹಾಗೆಯೇ. ಒಳಗೆ ಹೋದರೆ ಗೋಡೆಯ ಬಿರುಕು ನೋಡುತ್ತಿದ್ದರು, ಕಪಾಟಿನ ಹಿಂದೆ ಇಣುಕುತ್ತಿದ್ದರು. ಹೊರಗೆ ಬಂದು ಬಾಗಿಲ ಪಕ್ಕದ ಮೀಟರಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು.

“ಎಲ್ಲಾ ಮೀಟರೂ ಒಂದೇ ನಂಬರ್ ತೋರಿಸ್ತಿದೆ ನೋಡು.”

“ಬಣ್ಣದವಳು ಒಂದೇ ಬರೆದು ಎಲ್ಲಾ ಕಡೆ ಅಂಟಿಸಿದಾಳೆ ಮಾವ. ಯಾರು ನೋಡ್ತಾರೆ ಅಂತ.”

“ಕಳ್ಳಿ! ಸರಾಸರಿ ಹಾಕಿದಾಳೆ.” ಮಾವ ಖುಷಿಯಿಂದ ತೊಡೆ ತಟ್ಟಿಕೊಂಡರು. “ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮನೆ ಬಾಗಿಲು ಹಾಕಿದ್ರೆ ಮೀಟರ್ ನೋಡಕ್ಕಾಗಲ್ವಲ್ಲ? ಹಿಂದಿನ ತಿಂಗಳುಗಳದ್ದು ನೋಡ್ಕೊಂಡು ಸರಾಸರಿ ಬರೆಯೋದು. ಒಂದು ಮನೆಗೆ ನಾನು ಮೂರು ತಿಂಗಳು ಹಾಗೇ ಬರೆದೆ. ಬೀದಿ ಬಾಗಿಲು ಹಾಕಿದೆ, ಸರಾಸರಿ. ಬಾಗಿಲು ಹಾಕಿದೆ, ಸರಾಸರಿ. ನಾಲ್ಕನೇ ತಿಂಗಳು ಅನುಮಾನ ಬಂದು ಪಕ್ಕದ ಸಂದೀಲಿ ಹೋಗಿ ನೋಡ್ತೀನಿ, ಮನೇನೇ ಇಲ್ಲ! ಕೆಡವಿಬಿಟ್ಟಿದಾರೆ. ಬಾಗಿಲೊಂದು ಹಾಗೇ ನಿಂತಿದೆ.”

“ಆಮೇಲೆ?”

“ಆಮೇಲೇನು, ಇಲ್ಲದ ಮನೆ ಮೂರು ತಿಂಗಳು ಕರೆಂಟ್ ಉರಿಸಿತ್ತು. ಸರಾಸರಿ ಅಂದ್ರೆ ನೋಡದೇ ಬರೆಯೋ ಸುಳ್ಳು ಕಣಮ್ಮ. ಅವತ್ತಿಂದ ನಾನು ಬರೀಲಿಲ್ಲ. ಬಾಗಿಲು ಹಾಕಿದ್ರೆ ಸಂಜೆ ಮತ್ತೆ ಹೋಗ್ತಿದ್ದೆ.”

ಭಾನುವಾರ ಮಧ್ಯಾಹ್ನ ಮಾವ ನಲವತ್ತನೇ ಮನೆ ಮುಗಿಸಿದರು. ಯಂತ್ರ ಇಪ್ಪತ್ತೇಳು ಗಂಟೆ ತೋರಿಸುತ್ತಿತ್ತು. ಬೀದಿಯ ಕೊನೆಗೆ ನಡೆದು ನಲವತ್ತೊಂದನೆಯ ಬಾಗಿಲ ಮುಂದೆ ನಿಂತವರು ಒಮ್ಮೆಗೇ ಮುಂದಕ್ಕೆ ಬಾಗಿದರು.

“ಇದು ತಿರುಗ್ತಿದೆ!”

“ಏನು ಮಾವ?”

“ಮೀಟರಿನ ಬಿಲ್ಲೆ. ನೋಡಿಲ್ಲಿ, ನಿಧಾನಕ್ಕೆ. ಈ ಮನೇಲಿ ಯಾರೋ ಇದಾರೆ.”

ಅವಳು ಈ ಬಾಗಿಲನ್ನು ನೂರು ಸಲ ತೆರೆದಿದ್ದಳು. ಒಮ್ಮೆಯೂ ಮೀಟರ್ ನೋಡಿರಲಿಲ್ಲ. ಆ ಐದು ಜನರೂ ನೋಡಿರಲಿಲ್ಲ. ಬಣ್ಣದವಳು ಯಾರಿಗೂ ಹೇಳದೆ, ಒಳಗೊಂದು ದೀಪವಿದೆಯಲ್ಲ ಎಂದು, ಈ ಒಂದನ್ನು ಮಾತ್ರ ತಿರುಗಿಸಿಟ್ಟಿದ್ದಳು.

“ಯಾರಿದಾರೆ ಅಂತ ಹೇಳ್ಬಿಡ್ಲಾ?”

“ಬಾಯಿ ಮುಚ್ಚು. ಕಣ್ಣು ಉರೀತಿದೆ, ನಾಳೆ ಬೆಳಿಗ್ಗೆ ಬರ್ತೀನಿ ಅಂತ ಅವ್ರಿಗೆ ಹೇಳು,” ಎಂದು ಟೀವಿಯತ್ತ ಗದ್ದ ಎತ್ತಿ ತೋರಿಸಿ, ಮಾವ ಎದ್ದು ಮುಖ ತೊಳೆಯಲು ಹೋದರು.

ಸೋಮವಾರ ಅವಳು ಆಫೀಸಿನಲ್ಲಿ ಕಾಗದದ ಮುಂದೆ ಕೂತಳು. ಐದು ಜನರದ್ದು ಕೂಡಿಸಿದರೆ ಇಪ್ಪತ್ತೇಳು. ಮಾವನೊಬ್ಬರದ್ದೇ ಇಪ್ಪತ್ತೇಳು. ಒಟ್ಟು ಐವತ್ತನಾಲ್ಕು. ಆರರಿಂದ ಭಾಗಿಸಿದರೆ ಒಂಬತ್ತು. ಆರು ಜನರಲ್ಲಿ ಒಬ್ಬರಿಗೂ ಒಂಬತ್ತು ಗಂಟೆ ಹಿಡಿದಿರಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಂಟು ದಾಟಿದರೆ ಆಟ ಅಂಗಡಿಗೆ ಹೋಗುತ್ತದೆ. ದೀಪ ಜನರ ಕೈಗೆ ಹೋಗುತ್ತದೆ. ‘ಸರಾಸರಿ: ಒಂಬತ್ತು ಗಂಟೆ’ ಎಂದು ಬರೆದು ಕೊಟ್ಟಳು.

ಬಾಸ್ ಕುರ್ಚಿಯಿಂದ ಎದ್ದೇಬಿಟ್ಟರು. “ಒಂಬತ್ತಾ! ನಿನ್ನ ಬಾಯಿಗೆ ಸಕ್ಕರೆ ಹಾಕ!” ಬೋರ್ಡಿನ ಮೇಲೆ ದೊಡ್ಡದಾಗಿ ಒಂಬತ್ತು ಬರೆದರು. ಅದರ ಪಕ್ಕದಲ್ಲಿ ಒಂದು ಅಡ್ಡಗೆರೆ ಎಳೆದು, ಒಂದು ಬರೆದರು. “ಅಂದ್ರೆ ಕೊನೇ ಮನೆಗೆ ಒಂದು ಗಂಟೆ ಅಂತ ಹಿಡಿದು ತೆಗೆದಿಟ್ಕೊಂಡ್ರೂ ಎಂಟು ಉಳಿಯುತ್ತೆ. ಅದನ್ನ ಎರಡು ತಿಂಗಳು ಬಿಟ್ಟು ಬೇರೆಯಾಗಿ ಮಾರೋಣ. ಜನ ಕೊನೆ ನೋಡ್ದೇ ಇರ್ತಾರಾ?”

“ಸರ್, ಆಟಕ್ಕೆ ಅದೇ ಅಲ್ವಾ...”

“ಅದೇ ಅಂತಾನೇ ಅದನ್ನ ತೆಗೀತಿರೋದು.”

ಬಣ್ಣದವಳು ಪೆನ್ಸಿಲ್ ಮೇಜಿನ ಮೇಲೆ ಎಸೆದು, “ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ,” ಎಂದು ಹೊರಗೆ ಹೋದಳು.

ಗಡಿಯಾರ ಬೋರ್ಡಿನ ಮೇಲಿನ ಒಂಬತ್ತನ್ನು ನೋಡಿದಳು. ಆ ಒಂಬತ್ತು ಸುಳ್ಳು ಎಂದರೆ ಉಳಿಯುವುದು ಐದು ಚಿಲ್ಲರೆ, ಆಟ ಅಂಗಡಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಸುಮ್ಮನಿದ್ದರೆ ದೀಪವಿಲ್ಲದ ಆಟ ಹೋಗುತ್ತದೆ. ಉಗುಳುವಂತಿಲ್ಲ, ನುಂಗುವಂತಿಲ್ಲ. ಎರಡು ತಿಂಗಳು ತಾನೇ ಎಂದು ತನಗೆ ತಾನೇ ಹೇಳಿಕೊಂಡು, ಸುಮ್ಮನಿದ್ದಳು.

ಮಾವ ಆ ಸೋಮವಾರ ಬೆಳಿಗ್ಗೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಸಂಜೆ ಟೀವಿಯ ಮುಂದೆ ಕೂತಾಗ, ಯಂತ್ರವು ಆಫೀಸಿನಿಂದ ಹೊಸ ಪ್ರತಿಯನ್ನು ತಾನಾಗಿಯೇ ಇಳಿಸಿಕೊಂಡಿತ್ತು. ನಲವತ್ತೊಂದನೆಯ ಬಾಗಿಲ ಮೇಲೆ ಒಂದು ಚೀಟಿ: ‘ಈ ಮನೆ ಪ್ರತ್ಯೇಕವಾಗಿ ಲಭ್ಯ. ಶೀಘ್ರದಲ್ಲೇ.’

“ಅಂದ್ರೆ?” ಎಂದರು ಮಾವ.

“ಅದಕ್ಕೆ ಬೇರೆ ದುಡ್ಡು ಕೊಡ್ಬೇಕು ಮಾವ. ಎರಡು ತಿಂಗಳಾದ್ಮೇಲೆ.”

“ಕೊಡೋಣ ಬಿಡು. ನನ್ನ ಪೆನ್ಷನ್ ಇರೋದು ಯಾತಕ್ಕೆ?” ಎಂದು ಸೋಫಾದ ಕೈಯನ್ನು ಮೂರು ಸಲ ಬಡಿದು, ಸ್ವಲ್ಪ ಹೊತ್ತು ಕಾದು, ಟೀವಿ ಆರಿಸಿದರು. ಅಲ್ಲಿಂದಾಚೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಆ ಬಾಗಿಲಿಗೆ ಹೋಗಿ ಬರುವುದು ಅವರ ದಿನಚರಿಯಾಯಿತು. “ಇನ್ನೂ ತಿರುಗ್ತಿದೆ,” ಎಂದು ಊಟಕ್ಕೆ ಕೂತಾಗ ಸುದ್ದಿ ಹೇಳುತ್ತಿದ್ದರು.

ಆಟ ಹೊರಬಂತು. ಮೊದಲ ವಾರದಲ್ಲೇ ಜನ ಕಂಡಕಂಡಲ್ಲಿ ಬರೆದರು. ‘ಎಂಟು ಗಂಟೆ ಅಂದಿದ್ರು, ಹಲ್ಲುಜ್ಜಿ ಕೂತೋನು ಮಧ್ಯಾಹ್ನದ ಊಟಕ್ಕೆ ಎದ್ದೆ.’ ‘ನಲವತ್ತು ಬಾಗಿಲು ತೆಗೆಸಿ ನಲವತ್ತೊಂದಕ್ಕೆ ಬೀಗ. ಇವರ ಮನೆಗೆ ಬೀಗ ಹಾಕ.’ ‘ಅನ್ನದ ತಟ್ಟೆ ಮುಂದಿಟ್ಟು ಕೈ ಹಿಡ್ಕೊಂಡ್ರು.’ ಕೊಂಡವರಲ್ಲಿ ಅರ್ಧ ಜನ ದುಡ್ಡು ವಾಪಸ್ ಕೇಳಿದರು. ಕೊಳ್ಳಬೇಕೆಂದಿದ್ದವರು ಇದನ್ನೆಲ್ಲ ಓದಿ ಹಿಂದೆ ಸರಿದರು. ಈ ಸಲ ಬೈದವರು ಕೊಳ್ಳಲಿಲ್ಲ.

ಆರನೇ ವಾರ ಬಾಸ್ ಅವಳ ಹಳೆಯ ಕಾಗದವನ್ನು ಹುಡುಕಿ ತೆಗೆದು ಅವಳ ಮುಂದಿಟ್ಟರು. “ಈ ಇಪ್ಪತ್ತೇಳು ಯಾರಮ್ಮ?”

“ನಮ್ಮ ಮಾವ, ಸರ್.”

“ಪೂರ್ತಿ ಆಡಿದ್ರಾ?”

“ಕೊನೇದೊಂದು ಉಳಿದಿತ್ತು.”

ಬಾಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೆಳಗಿನಿಂದ ಯಾರದೋ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಕಾಗದವನ್ನು ನಾಲ್ಕಾಗಿ ಮಡಿಸಿ ಅವಳ ಕೈಗಿಟ್ಟು, “ಅವರಂಥೋರು ಇನ್ನೊಂದು ಹತ್ತು ಸಾವಿರ ಜನ ಇದ್ರೆ ಕಳ್ಸು,” ಎಂದರು.

ತಿಂಗಳ ಕೊನೆಗೆ ಕಂಪನಿ ಮುಚ್ಚಿತು. ಕೊನೆಯ ಮನೆಯನ್ನು ಮಾರಲು ಯಾರೂ ಉಳಿದಿರಲಿಲ್ಲ. ಅವಳು ಬಣ್ಣದವಳಿಗೆ ಫೋನ್ ಮಾಡಿದಳು.

“ಹಳೇ ಕಾಪಿ ಎಲ್ಲಾದ್ರೂ ಇದ್ಯೇನೇ? ಒಬ್ರಿಗೆ ಬೇಕಿತ್ತು.”

“ಎಲ್ಲಿ ಅಕ್ಕ? ಕಂಪ್ಯೂಟರೆಲ್ಲ ಆ ಆಟ ಮಾರೋ ಕಂಪನಿಯವ್ರು ಹೊತ್ಕೊಂಡು ಹೋದ್ರಲ್ಲ, ಒಳಗಿದ್ದದ್ದೆಲ್ಲ ಒರೆಸಿ ಗುಡಿಸಿ ಬೇರೆಯವ್ರಿಗೆ ಕೊಟ್ಟಾಯ್ತಂತೆ. ಆ ಬಾಗಿಲ ಹಿಂದೆ ಈಗ ಏನೂ ಇಲ್ಲ. ಬಾಗಿಲಷ್ಟೇ.”

ಆಫೀಸಿನ ಸಾಮಾನು ಯಾರ ಬಳಿಯಿದೆಯೋ ಅವರು ವಾಪಸ್ ಕೊಡಬೇಕೆಂದು ಕಾಗದ ಬಂದಿತ್ತು. ಯಂತ್ರ ತೆಗೆದುಕೊಂಡು ಹೋಗಲು ಆಳು ಹನ್ನೆರಡು ಗಂಟೆಗೆ ಬರುವವನಿದ್ದ. ಹನ್ನೊಂದಕ್ಕೆ ಮಾವ ಎಂದಿನಂತೆ ಬಂದು ಕೂತರು. ನಲವತ್ತು ಮನೆಗಳ ಬೀದಿಯನ್ನು ಆತುರವಿಲ್ಲದೆ ನಡೆದು ಕೊನೆಯ ಬಾಗಿಲಿಗೆ ಬಂದರು. ಚೀಟಿ ಹಾಗೇ ಇತ್ತು. ಬಿಲ್ಲೆ ತಿರುಗುತ್ತಿತ್ತು. ಮಾವ ಸೋಫಾದ ಕೈಯನ್ನು ಬಡಿದರು. ಒಲೆ ಆರಿಸಿ, ಕೈ ಒರೆಸಿಕೊಂಡು, ಬಾಗಿಲಿಗೆ ಬರುವಷ್ಟು ಹೊತ್ತು ಕಾದರು. ಇವತ್ತು ಅದಕ್ಕಿಂತ ಹೆಚ್ಚೇ ಕಾದರು.

“ಸಂಜೆ ಮತ್ತೆ ಬರೋ ಹಾಗಿಲ್ಲ, ಅಲ್ವಾ?”

“ಇಲ್ಲ ಮಾವ.”

ಮಾವ ಹಿಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಹೋಗ್ಲಿ, ನೀನೇ ಹೇಳ್ಬಿಡು. ಬಾಗಿಲು ಹಾಕಿದೆ, ಸರಾಸರಿ ಹಾಕು. ಯಾರಿದಾರೆ ಒಳಗೆ?”

ಒಂದು ದೀಪ, ಒಂದು ಸ್ವಿಚ್ಚು, ಯಾರೂ ಇಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು. ಎರಡು ವರ್ಷದಿಂದ ಅವಳು ಬೇರೆಯವರಿಗೆ ಕೊಡಬೇಕೆಂದು ಕಾದಿದ್ದದ್ದು ಅದೇ.

“ಇದಾರೆ ಮಾವ,” ಅಂದಳು. “ಅವಳ ಅಮ್ಮ. ಅಡುಗೆಮನೇಲಿ ಕಾಯ್ತಾ ಕೂತಿದಾರೆ.”

ಮಾವ ತಿರುಗಿ ಅವಳ ಮುಖ ನೋಡಿದರು. ಮೂವತ್ತನಾಲ್ಕು ವರ್ಷ, ಮೀಟರನ್ನು ಯಾರೂ ಮುಟ್ಟಿಲ್ಲ ಸ್ವಾಮಿ ಎಂದು ಆಣೆ ಮಾಡುವವರನ್ನು ಬಾಗಿಲ ಬಳಿ ನಿಂತು ನೋಡಿದ್ದ ಕಣ್ಣು. ಮಾವ ಎದ್ದು, ಟೀವಿಯ ಹಿಂದೆ ಕೈ ಹಾಕಿ ತಂತಿ ಕಿತ್ತು, ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಸುತ್ತಿ ಅಚ್ಚುಕಟ್ಟಾಗಿ ಗಂಟು ಹಾಕಿ, ಯಂತ್ರದ ಮೇಲಿಟ್ಟರು. ಆಮೇಲೆ ಅಡುಗೆಮನೆಗೆ ಹೋದರು. ಹಗಲಿನಲ್ಲೇ ಉರಿಯುತ್ತಿದ್ದ ಲೈಟನ್ನು ಅವರು ಆರಿಸಿದ ಸದ್ದು ಅವಳಿಗೆ ಕೇಳಿಸಿತು.