ಆಯುಧಪೂಜೆಯ ಹಸಿರು ಬಣ್ಣ

ತೋಳಿನ ಕೂದಲು ಎದ್ದಿಲ್ಲ, ಇನ್ನೂ ಎದ್ದಿಲ್ಲ, ತಗಡಿನ ಕೊಳವೆಯಿಂದ ಎರಡು ಬೆರಳು ದೂರಕ್ಕೆ ಮೊಣಕೈ ಹಿಡಿದು ನಿಂತ ವಾಣಿಶ್ರೀಗೆ ಉಸಿರು ಬಿಡಲೂ ಭಯ, ಕೊಳವೆಯೊಳಗೆ ಸಾಗವಾನಿಯ ಹೊಟ್ಟು ಸರ್ರನೆ ಓಡುತ್ತಿದೆ, ಹೋದ ವಾರ ಇಷ್ಟು ಹೊತ್ತಿಗೆ ಕೂದಲೆಲ್ಲ ಮುಳ್ಳಿನ ಹಾಗೆ ನಿಂತಿತ್ತು, ಬಡಗಿ ಶೆಡ್ಡಿನ ಬಾಗಿಲಲ್ಲಿ ಮಾಲೀಕ ಮನೋಹರಣ್ಣ ಕೈ ಕಟ್ಟಿ ನಿಂತಿದ್ದಾರೆ, ಇವತ್ತೊಂದು ದಿನ ನೋಡ್ತೇನೆ ಮಾರಾಯ್ತಿ, ಮತ್ತೊಬ್ಬರಿಗೆ ಶಾಕ್ ಹೊಡೆದ್ರೆ ಈ ಮಷೀನು ಬಿಚ್ಚಿ ಗುಜರಿಗೆ ಹಾಕೋದೇ — ಹಾಕಿದರೆ ಮತ್ತೆ ಅಂಗಳ, ಮತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸ ಬಾಗಿಲುಗಳನ್ನು ಮರಳು ಕಾಗದದಿಂದ ಉಜ್ಜುವುದು, ಮತ್ತೆ ಆ ಕೆಮ್ಮು, ಮಗಳು ಗಗನಾ ಪುಸ್ತಕದಿಂದ ತಲೆಯೆತ್ತದೆಯೇ ಅಮ್ಮಾ ಇಪ್ಪತ್ತೆರಡಾಯ್ತು ಎಂದು ಕೆಮ್ಮು ಎಣಿಸುತ್ತಿದ್ದ ಆ ದಿನಗಳು, ಅದಕ್ಕೇ ಅಲ್ಲವೇ ಕಾಡಿ ಬೇಡಿ ಈ ಹೊಟ್ಟು ಎಳೆಯುವ ಮಷೀನು ತರಿಸಿದ್ದು, ಮಾರ್ಚಿನಲ್ಲಿ ಬಂತು, ಮಾರ್ಚಿನ ಒಣ ಬಿಸಿಲಲ್ಲಿ ಒಂದು ದಿನವೂ ಹೊಡೆಯದ್ದು ಈ ಜನವರಿಯಲ್ಲಿ ಯಾಕೆ ಹೊಡೆಯಬೇಕು, ಹೋದ ವಾರ ಹಿರಿಯ ಬಡಗಿ ಕೆರಿಯಪ್ಪಣ್ಣನಿಗೆ ಹೊಡೆದು ಕೈಯಿಂದ ಉಳಿ ಹಾರಿ ಕಾಲ ಬುಡಕ್ಕೆ ಬಿದ್ದಿತ್ತು, ಹೊಟ್ಟಿನ ಚೀಲದ ಬಾಯಲ್ಲಿ ನೀಲಿ ಕಿಡಿ ಅವಳೇ ನೋಡಿದ್ದಾಳೆ, ಒಳಗೆ ಹಿಟ್ಟಿನಂಥ ಧೂಳು, ಭಗ್ಗೆಂದರೆ ಚೀಲವೂ ಇಲ್ಲ ಛಾವಣಿಯೂ ಇಲ್ಲ — ಬೂದುಗುಂಬಳ ಒಡೀದೆ ಪೂಜೆ ಮುಗಿಸಿದ್ವಲೇ ತಂಗಿ, ಅದಕ್ಕೇ ಹಿಂಗಾಗ್ತದೆ ಎಂದಿದ್ದ ಕೆರಿಯಪ್ಪಣ್ಣ, ನಕ್ಕಿದ್ದಳು, ನಗು ಅರ್ಧಕ್ಕೇ ನಿಂತಿತ್ತು, ಪೂಜೆ, ಹೌದಲ್ಲ, ಮಾರ್ಚಿಗೂ ಜನವರಿಗೂ ನಡುವೆ ಆದದ್ದು ಮಳೆಗಾಲ ಬಿಟ್ಟರೆ ಆಯುಧಪೂಜೆಯೇ.

ಬಣ್ಣ. ಪೂಜೆಗೆ ಎರಡು ದಿನ ಮೊದಲು ಕೆರಿಯಪ್ಪಣ್ಣ ಕೊಳವೆಯ ಒಂದೊಂದು ತುಂಡನ್ನೂ ಬಿಚ್ಚಿ, ಅಂಚು ಸಂದು ಬಿಡದೆ ಎರಡೆರಡು ಸಲ ಹಸಿರು ಬಳಿದಿದ್ದ, ಅರ್ಧಂಬರ್ಧ ಕೆಲಸ ಅವನ ಕೈಗೆ ಗೊತ್ತೇ ಇಲ್ಲ, ನೆಲಕ್ಕಿಳಿಯುವ ಅರ್ತಿಂಗ್ ತಂತಿಯ ಬೋಲ್ಟಿನ ಅಡಿಗೂ ಬಳಿದು ಮೇಲಿಂದ ತಂತಿ ಬಿಗಿದಿದ್ದ, ತಂತಿ ಇದೆ, ಬೋಲ್ಟು ಇದೆ, ಆದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿಲ್ಲ, ಗಗನಾ ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಹಾರಿಸಿದ ಹಾಗೆ ಹೊಟ್ಟು ಕೊಳವೆಯನ್ನು ಉಜ್ಜಿ ಉಜ್ಜಿ ತುಂಬಿಸಿದ ಕರೆಂಟು ನೆಲಕ್ಕೆ ಇಳಿಯುವುದಕ್ಕೆ ದಾರಿಯೇ ಇಲ್ಲದೆ ಮನುಷ್ಯರ ಬೆರಳು ಹುಡುಕುತ್ತಿತ್ತು, ನಿನ್ನೆ ಮಷೀನು ನಿಲ್ಲಿಸಿ, ಚೀಲ ಹೊರಗೊಯ್ದು ಖಾಲಿ ಮಾಡಿ, ಕರೆಂಟಿನ ಗೋವಿಂದನಿಂದ ತಂದ ಮೀಟರಿನ ಎರಡು ಕಡ್ಡಿ ಸಂದಿನ ಈಚೆಗೊಂದು ಆಚೆಗೊಂದು ಒತ್ತಿದಳು, ತಾಗಿದ್ದರೆ ಕೂಗಬೇಕು, ಕೂಗಲಿಲ್ಲ, ಏಳು ಸಂದು, ಏಳೂ ಮೂಕ, ಬಿಚ್ಚಿ ಅಂಚಂಚನ್ನೂ ಮರಳು ಕಾಗದದಿಂದ ಕೆರೆದಳು, ಬೋಲ್ಟಿನ ಅಡಿಯಲ್ಲಿ ಎಂಟಾಣೆಯಷ್ಟಗಲ ಬೋಳು ಕಬ್ಬಿಣ ಬೆಳ್ಳಗೆ ಬಂತು, ಮತ್ತೆ ಜೋಡಿಸಿ ಒತ್ತಿದಳು, ಕುಂಯ್ — ಎಂತಾ ಚೆಂದ ಬಳ್ದಿದ್ದೆ, ಎಲ್ಲ ಕೆರ್ದು ಹಾಕ್ದ್ಯಲ್ಲೇ, ಮನೆಹಾಳಿ! ಎಂದ ಕೆರಿಯಪ್ಪಣ್ಣ — ಕುಂಯ್, ಕುಂಯ್, ಏಳೂ ಕೂಗಿದವು.

ಅರ್ಧ ಗಂಟೆಯಾಯಿತು, ಉಳಿದವರು ನಾಲ್ಕು ಬಾಗಿಲು ಉಜ್ಜಿ ಮುಗಿಸಿದರು, ಕೂದಲು ಎದ್ದಿಲ್ಲ, ಈಗ ಮುಟ್ಟಬೇಕು, ಅವಳು ಬೆರಳು ಚಾಚುವ ಮೊದಲೇ ಸರಿ ಆಚೆ, ಹೊಡೆಸ್ಕೊಂಡವ ನಾನು, ಮುಟ್ಟೂದೂ ನಾನೇ ಎಂದು ಕೆರಿಯಪ್ಪಣ್ಣ ನುಗ್ಗಿದ, ಕಣ್ಣು ಬಿಗಿಯಾಗಿ ಮುಚ್ಚಿ ಒಂದು ಬೆರಳು, ಆಮೇಲೆ ಐದೂ, ಆಮೇಲೆ ಎಮ್ಮೆಯ ಬೆನ್ನು ಸವರಿದ ಹಾಗೆ ಇಡೀ ಅಂಗೈ, ಎಂತದೂ ಇಲ್ಲ ಮಾರ್ರೆ, ತಣ್ಣಗುಂಟು! ಮನೋಹರಣ್ಣ ಕಟ್ಟಿದ ಕೈ ಬಿಟ್ಟರು, ಗುಜರಿಯವನಿಗೆ ಫೋನು ಮಾಡಿ ಬರೂದು ಬೇಡ ಹೇಳಿ, ಮುಂದಿನ ದಸರಾಕ್ಕೆ ಬಣ್ಣದ ಡಬ್ಬಿ ವಾಣಿ ಕೈಲೇ ಇರ್ಲಿ ಎಂದರು, ಅವಳಿಗೆ ನಗಬೇಕೋ ಅಳಬೇಕೋ, ಎದೆ ತುಂಬ ಉಸಿರು ಎಳೆದಳು, ಕೆಮ್ಮು ಬರಲಿಲ್ಲ, ಗಗನಾ, ಕೇಳಿದ್ಯಾ, ಸೊನ್ನೆ ಎಂದಳು ಮನಸ್ಸಿನಲ್ಲೇ, ಅಷ್ಟರಲ್ಲಿ ಕೆರಿಯಪ್ಪಣ್ಣ ಗೋಡೆಯ ದೇವರ ಫೋಟೋದ ಬುಡದಿಂದ ಕುಂಕುಮ ಚಿಟಿಕೆಯಲ್ಲಿ ಹಿಡಿದು ಭಕ್ತಿಯಿಂದ ನೇರ ಬೋಲ್ಟಿಗೇ ಬಂದ, ಅಲ್ಲಲ್ಲ ಅಣ್ಣಾ, ಅಲ್ಲಿ ಬೇಡ, ಪಕ್ಕದಲ್ಲಿ, ಪಕ್ಕದಲ್ಲಿ ಇಡು — ಹಸಿರಿನ ಮೇಲೆ ಕೆಂಪು ಬೊಟ್ಟು, ಅದರ ಪಕ್ಕ ಏನೂ ಬಳಿಯದ, ಎಂಟಾಣೆಯಷ್ಟಗಲ, ಬೋಳು, ಬೆಳ್ಳನೆ ಕಬ್ಬಿಣ