ಕುದುರೆ ಬಿಚ್ಚಿದ ಸಾರೋಟು

“ಎಳೀರೋ ಬೋಳಿಮಕ್ಳಾ! ಮೂರ್ ಹೊತ್ತು ಗಂಜಿ ಕುಡ್ದಿದ್ದು ಎಲ್ಲೋಯ್ತು? ಜೈಕಾರ ಹಾಕ್ರೋ!”

ಮೇಸ್ತ್ರಿ ಕ್ರಂಪ್ ಬೆತ್ತ ಝಳಪಿಸಿದ. ಫೆಲಿಮ್ ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು “ಹುರ್ರಾ” ಎಂದ. ಡಾಕ್ಟರ್ ಹೆಸ್ಕೆತ್ ಇವತ್ತು ಊರಿನ ಮೊದಲ ಮೇಯರ್. ಜನ ಕುದುರೆ ಬಿಚ್ಚಿ ತಾವೇ ಸಾರೋಟು ಎಳೆಯುವುದು ದೊಡ್ಡವರಿಗೆ ಸಲ್ಲುವ ಮರ್ಯಾದೆ. ಊರಿಗೆ ಅಷ್ಟು ಪ್ರೀತಿ ಉಕ್ಕಲಿಲ್ಲವಾದ್ದರಿಂದ ಡಾಕ್ಟರು ತಮ್ಮ ಜಮೀನಿನಲ್ಲಿ ದುಡಿಯುವ ಹನ್ನೆರಡು ಕೈದಿಗಳನ್ನು ಹಗ್ಗಕ್ಕೆ ಹಚ್ಚಿದ್ದರು.

ಐರ್ಲೆಂಡಿನಿಂದ ಇವರನ್ನು ಈ ದ್ವೀಪಕ್ಕೆ ತಂದ ಹಡಗಿನ ವೈದ್ಯರೂ ಅವರೇ. ಚಾಟಿಯೇಟು ಬೀಳುವಾಗ ಕೈದಿಯ ನಾಡಿ ಹಿಡಿದು, “ತಡೀತಾನೆ, ಮುಂದುವರಿಸಿ” ಅನ್ನುವುದು ಅವರ ಕೆಲಸ. ಫೆಲಿಮ್‌ಗೆ ಚಾಟಿಗಿಂತ ಆ ತಣ್ಣನೆಯ ಎರಡು ಬೆರಳು ಚೆನ್ನಾಗಿ ನೆನಪಿವೆ. ಡಾಕ್ಟರು ಹಡಗು ಬಿಟ್ಟು ಇಲ್ಲೇ ಸಾವಿರ ಎಕರೆ ಹಿಡಿದು ಕೂತರು. ಬೆರಳು ಬದಲಾಗಲಿಲ್ಲ.

ಫೆಲಿಮ್‌ನ ಬಿಡುಗಡೆ ಕಾಗದ ಈಗ ಅವರ ಜೇಬಿನಲ್ಲಿತ್ತು. ಪುರಭವನ ಮುಟ್ಟಿದ ಮೇಲೆ ಎಲ್ಲರೆದುರು ಕೊಡುತ್ತಾರಂತೆ. ದಿಬ್ಬದ ತುದಿಯಲ್ಲಿ ಹೆಂಡತಿ ನೋರಾ ಗಂಟು ಹಿಡಿದು ನಿಂತಿದ್ದಳು. ನಾಲ್ಕು ವರ್ಷದಿಂದ ಬೇರೆ ಧಣಿಯ ಬಟ್ಟೆ ಒಗೆಯುತ್ತ ಕಾದವಳು. ಕಾಗದ ಸಿಕ್ಕರೆ ಇವತ್ತಿನಿಂದ ಇಬ್ಬರಿಗೂ ಒಂದೇ ಸೂರು.

ದಿಬ್ಬದ ಅರ್ಧದಲ್ಲಿ ಮುದುಕ ಡೆನಿಸ್ ಮೊಣಕಾಲೂರಿದ.

“ಏಳಣ್ಣ, ಇನ್ನೊಂಚೂರೇ,” ಫೆಲಿಮ್ ಪಿಸುಗುಟ್ಟಿದ.

“ಎದೆ ಹಿಡ್ಕೊಂಡೈತೆ ಕಣ್ಲಾ. ನೀ ಬಿಡಬ್ಯಾಡ, ನಿನ್ ಹೆಂಡ್ರು ನೋಡ್ತಾವ್ಳೆ.”

ಸಾರೋಟು ಹಿಂದೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಟ್ಟರು. ಮೇಯರ್ ಇಳಿದು, ಕೈಗವಸು ಕಳಚಿ, ಮುದುಕನ ನಾಡಿ ಹಿಡಿದರು.

“ತಡೀತಾನೆ. ಬರೀ ನಾಟಕ. ಹಗ್ಗಕ್ಕೆ ಕಟ್ಟು.”

ಕ್ರಂಪ್ ಕಟ್ಟಿದ. ಮೇಯರ್ ಮತ್ತೆ ಸಾರೋಟು ಹತ್ತಿದರು. ಹತ್ತು ಹೆಜ್ಜೆ ಹೋಗುವುದರೊಳಗೆ ಡೆನಿಸ್ ಮುಖ ಅಡಿಯಾಗಿ ಬಿದ್ದ. ಮತ್ತೆ ಕಲ್ಲು ಕೊಟ್ಟರು. ಫೆಲಿಮ್ ಹಗ್ಗ ಬಿಟ್ಟು, ಅವನನ್ನು ಬಿಚ್ಚಿ ಮಗುಚಿ, ತಾನೇ ಮಣಿಕಟ್ಟು ಹಿಡಿದ.

“ನಾಡಿ ಇಲ್ಲ ಧಣಿ.”

ಅಕ್ಕಪಕ್ಕ ಜನ ನೋಡುತ್ತಿದ್ದರು. ಮೇಯರ್ ಮುಖದ ನಗು ಕೆಡದಂತೆ ಹಲ್ಲು ಕಚ್ಚಿ ಹೇಳಿದರು: “ಬದಿಗೆ ಎಳೆದು ಹಾಕು. ಕಾಗದ ಬೇಕೋ ಬೇಡ್ವೋ?”

ಫೆಲಿಮ್ ದಿಬ್ಬದ ಕಡೆ ನೋಡಿದ. ನೋರಾ ಹೊಸ ಟೋಪಿ ಹಾಕಿಕೊಂಡಿದ್ದಳು. ಅವನು ಬಗ್ಗಿ ಡೆನಿಸನನ್ನು ಎತ್ತಿದ, ಸಾರೋಟಿನ ಬಾಗಿಲು ತೆಗೆದು, ಕೆಂಪು ಮಖಮಲ್ಲಿನ ಮೇಲೆ, ಮೇಯರ ಪಕ್ಕದಲ್ಲೇ ಕೂರಿಸಿದ.

“ಹರಿದು ಹಾಕ್ತೀನಿ ಕಾಗದಾನ!”

“ಹರೀರಿ.”

ಕ್ರಂಪ್ ಬೆತ್ತ ಎತ್ತಿದ. ಹಗ್ಗ ಹಿಡಿದವರೆಲ್ಲ ತಿರುಗಿ ನೋಡಿದರು. ಅವನು ಹೊಡೆಯದೆ ಬೆತ್ತ ಕೆಳಗಿಳಿಸಿದ.

“ಇಳೀಬ್ಯಾಡಿ ಧಣಿ, ಮರ್ವಾದೆ ಇನ್ನೂ ಮುಗಿದಿಲ್ಲ,” ಎಂದು ಫೆಲಿಮ್ ಕಲ್ಲು ಒದ್ದು ಹಗ್ಗ ಹಿಡಿದ. ಹನ್ನೊಂದು ಮಂದಿ ಯಾರೂ ಹೇಳದೆಯೇ “ಹುರ್ರಾ” ಎಂದರು.

ಸ್ವಾಗತದ ವಾದ್ಯ ಶುರುವಾಯಿತು. ಡೆನಿಸನ ತಲೆ ಮೇಯರ ಭುಜಕ್ಕೆ ಒರಗಿತು. ಚೂರು ಚೂರಾದ ಕಾಗದ ಸಾರೋಟಿನಿಂದ ಹಾರುವುದು ನೋರಾಳಿಗೂ ಕಾಣಿಸಿತು. ಅವಳು ಗಂಟನ್ನು ನೆಲಕ್ಕಿಟ್ಟು ಇಳಿದು ಬಂದು ಹಗ್ಗಕ್ಕೆ ಕೈ ಹಾಕಿದಳು.