ಅಕ್ರೋಟು ಮರಕ್ಕೊಂದು ಓಟು

"ಒಬ್ಬ ಸ್ಲೋವಾಕನಿಗೂ ಓಟು ಹಾಕಲ್ಲ ಅಂತ ಭಾಷೆ ಕೊಡು," ಅಂತ ಸಾಯುವ ಮುನ್ನ ಅಪ್ಪ ಕೈ ಚಾಚಿದ್ದ. ವೆಂಡೆಲ್ ಕೊಟ್ಟುಬಿಟ್ಟ. ಐವತ್ತು ವರ್ಷದ ಹಿಂದೆ ಅದೇನು ಕಷ್ಟದ ಮಾತಲ್ಲ. ಹಂಗೇರಿಯ ಆ ಗಡಿಹಳ್ಳಿಯಲ್ಲಿ ಸ್ಲೋವಾಕರೂ ಇರಲಿಲ್ಲ, ಓಟು ಅನ್ನಿಸಿಕೊಳ್ಳುವಂಥ ಓಟೂ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಹಂಗೇರಿಯವನು ಅಂತ ಸ್ಲೋವಾಕರು ಅಪ್ಪನನ್ನು ನದಿಯಾಚೆಯ ಮನೆಯಿಂದ ಓಡಿಸಿದ್ದರು. ಹಿತ್ತಲ ಮರದ ಒಂದೇ ಒಂದು ಅಕ್ರೋಟು ಜೇಬಿಗಿಳಿಸಿಕೊಂಡು ಬಂದವನು ಅದನ್ನು ಈ ಮನೆಯ ಗೇಟಿನ ಮುಂದೆ ನೆಟ್ಟಿದ್ದ.

ಆಮೇಲೆ ಗಡಿಯೇ ಎದ್ದುಹೋಯಿತು. ಕಾವಲುಗಾರರ ಗೂಡಿನಲ್ಲಿ ಈಗ ಲಾಂಗೋಶ್ ರೊಟ್ಟಿ ಕರಿಯುತ್ತಾರೆ. ಗಡಿಯಾಚೆಯ ಅವರ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಮನೆ ಸಿಗದ ಸ್ಲೋವಾಕರು ಒಬ್ಬೊಬ್ಬರಾಗಿ ಬಂದು ಅರ್ಧ ಊರೇ ತುಂಬಿಕೊಂಡರು. ಪಕ್ಕದ ಮನೆಯ ಡಾರಿನಾ ಅಂತೂ ಈ ಸಲ ಮೇಯರ್ ಸ್ಥಾನಕ್ಕೇ ನಿಂತಳು.

ವೆಂಡೆಲ್ ಪಂಚಾಯಿತಿ ಕಚೇರಿಗೆ ನುಗ್ಗಿದ. "ಅವಳ ಹೆಸರು ತೆಗಿ."

"ಆಗಲ್ಲ ಮಾಮ," ಅಂದಳು ಗುಮಾಸ್ತೆ ಪಿರೋಷ್ಕಾ. "ಯುರೋಪಿಯನ್ ಯೂನಿಯನ್ನಿನ ಹಕ್ಕು. ಅದರೊಳಗಿನ ಯಾವ ದೇಶದೋರೇ ಆಗ್ಲಿ, ಇರೋ ಊರಲ್ಲಿ ಓಟು ಹಾಕಬಹುದು, ನಿಲ್ಲಬಹುದು."

"ನನ್ನನ್ನ ಕೇಳಿ ಮಾಡಿದ್ರಾ ಅದನ್ನ?"

"ಕೇಳಿದ್ರಲ್ಲ! ಯೂನಿಯನ್ ಸೇರೋಣ್ವಾ ಅಂದಾಗ ನೀವೇ ಮೊದಲು ಬಂದು ಹೌದು ಅಂತ ಒತ್ತಿದ್ರಿ. ಆಮೇಲೆ ಇದೇ ಬೆಂಚಿನ ಮೇಲೆ ಪಾಲಿಂಕಾ ಕುಡಿದು ಹಾಡಿದ್ರಿ."

ಮನೆಗೆ ಬಂದರೆ ಹೆಂಡತಿ ಇಲ್ಕಾ ಕಾದಿದ್ದಳು. "ಸೊಂಟದ ಮೂಳೆ ಬದಲಿಸೋಕೆ ಇಲ್ಲಿ ಎರಡು ವರ್ಷ ಕಾಯಬೇಕು ಅಂದಾಗ ಬ್ರಾಟಿಸ್ಲಾವಾಗೆ ಹೋಗಿ ಹೊಸದು ಹಾಕಿಸ್ಕೊಂಡ್ಯಲ್ಲ ಮಹರಾಯ, ಅದೂ ಯೂನಿಯನ್ನಿನ ಹಕ್ಕೇ. ಅರ್ಧ ಸೊಂಟ ಸ್ಲೋವಾಕರದ್ದು, ಬಾಯಿ ಮಾತ್ರ ಅಪ್ಪಂದು!"

ಎದುರು ಅಭ್ಯರ್ಥಿ ಇಲ್ಕಾಳ ತಮ್ಮ ಕಾಲ್ಮಾನ್. ಅಪ್ಪಟ ಹಂಗೇರಿಯವನು. ವೆಂಡೆಲ್‌ಗೆ ಸಮಾಧಾನವಾಯಿತು. ಅದೂ ಭಾನುವಾರದ ಊಟದ ತನಕ. ಸಾರು ಸುರಿಯುತ್ತ ಕಾಲ್ಮಾನ್ ಅಂದ, "ಭಾವ, ಗೆದ್ದ ತಕ್ಷಣ ನಿಮ್ಮ ಬೀದೀಲಿ ಇಪ್ಪತ್ತು ಕಾರು ನಿಲ್ಲೋ ಜಾಗ ಮಾಡ್ತೀನಿ. ಆ ಮುದಿ ಅಕ್ರೋಟು ಮಾತ್ರ ಹೋಗಬೇಕು."

ವೆಂಡೆಲ್ ಚಮಚ ಕೆಳಗಿಟ್ಟ. "ಅದು ಅಪ್ಪನ ಮರ ಕಣೋ."

"ಅಪ್ಪ ಹೋಗಿ ಐವತ್ತು ವರ್ಷ ಆಯ್ತು. ಮರ ನಿಂತಿರೋದು ಪಂಚಾಯಿತಿ ಜಾಗದಲ್ಲಿ. ಅಷ್ಟೇ ಅಲ್ಲ, ನೀವು ಆ ಡಾರಿನಾಗಂತೂ ಓಟು ಹಾಕಲ್ಲ. ಭಾಷೆ ಕೊಟ್ಟಿದ್ದು ಊರಿಗೇ ಗೊತ್ತು." ಅಂದು ಇನ್ನೊಂದು ತುಂಡು ಮಾಂಸ ಬಡಿಸಿಕೊಂಡ.

ಮಾರನೆಯ ದಿನ ಡಾರಿನಾ ಬೇಲಿಯಾಚೆಯಿಂದ ಮುರುಕು ಹಂಗೇರಿಯನ್ನಿನಲ್ಲಿ ಕೂಗಿದಳು, "ವೆಂಡೆಲ್ ಮಾಮಾ, ನಾನು ಗೆದ್ದರೆ ಮರ ಇರುತ್ತೆ. ನನ್ನ ಅಜ್ಜಿ ಮನೇಲೂ ಇಂಥದ್ದೇ ಇತ್ತು. ಕಾಯಿ ಬಿದ್ದಾಗ ನನ್ನ ಕಾರಿನ ಗಾಜು ಒಡೆಯುತ್ತೆ, ಆದ್ರೂ ಇರ್ಲಿ."

"ನಿನ್ನ ಹತ್ರ ಯಾರು ಕೇಳಿದ್ರು?" ಅಂದ ವೆಂಡೆಲ್. ರಾತ್ರಿಯೆಲ್ಲ ಹೊರಳಾಡಿದ. ಖಾಲಿ ಮತಚೀಟಿ ಹಾಕಿದರೆ ಭಾಷೆಯಾದರೂ ಉಳಿಯುತ್ತೆ ಅಂತ ಗೊಣಗಿದ.

"ಭಾಷೆ ಉಳಿಯುತ್ತೆ, ಮರ ಉರುಳುತ್ತೆ," ಅಂದಳು ಇಲ್ಕಾ ಮುಸುಕಿನೊಳಗಿಂದಲೇ.

ಚುನಾವಣೆಯ ದಿನ ವೆಂಡೆಲ್ ಕರಿ ಕೋಟು ತೊಟ್ಟ. ಗೇಟಿನ ಬಳಿ ಉದುರಿದ್ದ ಅಕ್ರೋಟೊಂದನ್ನು ಎತ್ತಿ ಜೇಬಿಗಿಳಿಸಿಕೊಂಡ. ಪರದೆಯ ಹಿಂದೆ ಎಷ್ಟು ಹೊತ್ತು ನಿಂತನೆಂದರೆ ಪಿರೋಷ್ಕಾ, "ಮಾಮ, ಸೊಂಟ ಹಿಡ್ಕೊಂಡಿತಾ?" ಎಂದು ಕೂಗಬೇಕಾಯಿತು.

ಸಂಜೆ ಎಣಿಕೆ ಮುಗಿಯಿತು. ಡಾರಿನಾ ಒಂದು ಓಟಿನಿಂದ ಗೆದ್ದಳು. ಅಪ್ಪನಿಗೆ ಕೊಟ್ಟ ಭಾಷೆಯನ್ನು ವೆಂಡೆಲ್ ಮುರಿದಿದ್ದ.